ಟ್ರಿಗರಿನ ಮೇಲೆ ಪ್ರಯೋಗ ಬೇಡ

ಆಯುಧಗಳ ವಿಷಯವನ್ನು ಈ ಅಂಕಣದಲ್ಲಿ ನಾವು ಎತ್ತಿಕೊಳ್ಳುವುದು ಅಪರೂಪ. ಮಕ್ಕಳ ಶಾಲೆ, ಅಂಗಡಿಯ ಬಾಡಿಗೆ, ಹಬ್ಬಕ್ಕೆ ಊರಿಗೆ ಹೋಗಲು ರೈಲಿನ ಟಿಕೇಟು, ಇವೇ ಚೆನ್ನೈಯ ಕನ್ನಡಿಗನ ನಿತ್ಯದ ಚಿಂತೆಗಳಾಗಿರುವಾಗ ಪಿಸ್ತೂಲಿನ ಮಾತು ಇಲ್ಲೇಕೆ ಎಂದು ವಾಚಕರಲ್ಲಿ ಕೆಲವರು ಹುಬ್ಬೇರಿಸಿಯಾರು. ಆದರೆ ನಮ್ಮವರ ಮನೆಗಳಲ್ಲಿ ಆಯುಧಗಳು ಇಲ್ಲದಿಲ್ಲ. ಕೊಡಗಿನಿಂದಲೂ ಮಲೆನಾಡಿನಿಂದಲೂ ಬಂದು ಇಲ್ಲಿ ನೆಲೆಸಿದ ಮನೆತನಗಳಲ್ಲಿ ತೋಟದ ಕೋವಿಯು ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿದೆ. ರಾತ್ರಿ ಅಂಗಡಿಯ ಬಾಗಿಲೆಳೆದು ದಿನದ ವ್ಯಾಪಾರದ ಹಣವನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಹೊರಡುವ ವರ್ತಕರಲ್ಲಿ, ಪೊಲೀಸ್ ಕಮಿಷನರರ ಕಛೇರಿಯಿಂದ ಪರವಾನಗಿ ಪಡೆದು ಪಿಸ್ತೂಲನ್ನು ಇಟ್ಟುಕೊಂಡವರೂ ಇದ್ದಾರೆ. ಕಾಯಿದೆಗೆ ಅನುಸಾರವಾಗಿ ಇಟ್ಟುಕೊಂಡುದಕ್ಕೆ ನಮ್ಮ ಆಕ್ಷೇಪವಿಲ್ಲ. ಇಟ್ಟುಕೊಂಡ ಮೇಲೆ ಅದನ್ನು ಏನು ಮಾಡುತ್ತಾರೆಂಬುದೇ ಪ್ರಕೃತ ವಿಷಯ.

ಈಚೆಗೆ ವಾಚಕರೊಬ್ಬರು ನಮಗೆ ಕಾಗದ ಬರೆದಿದ್ದಾರೆ. ಅವರ ತಮ್ಮನಲ್ಲಿ ಪರವಾನಗಿಯುಳ್ಳ .32 ಅಳತೆಯ ಪಿಸ್ತೂಲೊಂದಿದೆಯಂತೆ. ಟ್ರಿಗರು ಬಹಳ ಬಿಗಿ, ಎಳೆದರೆ ಗುರಿ ಅಲುಗುತ್ತದೆ ಎಂದು ಆತನ ದೂರು. ಮೊಬೈಲಿನಲ್ಲಿ ಯಾರೋ ವಿದೇಶೀಯರು ತೋರಿಸಿದ ಚಿತ್ರವನ್ನು ನೋಡಿ, ಹಗುರವಾದ ಸ್ಪ್ರಿಂಗೊಂದನ್ನೂ ನುಣುಪು ಮಾಡಿದ ಉಕ್ಕಿನ ತುಂಡೊಂದನ್ನೂ ತರಿಸಿಕೊಳ್ಳುವ ಏರ್ಪಾಡಿನಲ್ಲಿ ಇದ್ದಾನಂತೆ. ಲೇಥ್ ಕಾರ್ಖಾನೆಯ ಗೆಳೆಯನೊಬ್ಬನು ಜೋಡಿಸಿಕೊಡುವೆನೆಂದು ಮಾತು ಕೊಟ್ಟಿದ್ದಾನಂತೆ. "ತನ್ನ ಪಿಸ್ತೂಲನ್ನು ತಾನು ಸರಿಮಾಡಿಸಿಕೊಂಡರೆ ತಪ್ಪೇನು, ತಾವು ಎರಡು ಮಾತು ಬರೆಯಬೇಕು" ಎಂದು ಅಣ್ಣನವರ ಅಪೇಕ್ಷೆ. ಕೂಡದು ಎಂಬುದೇ ನಮ್ಮ ಉತ್ತರ. ಏಕೆ ಕೂಡದೆಂಬುದನ್ನು ಮಾತ್ರ ಸ್ವಲ್ಪ ವಿಸ್ತರಿಸಬೇಕಾಗಿದೆ.

ಟ್ರಿಗರೆಂದರೆ ಬೆರಳಿಗೆ ಸಿಕ್ಕುವ ಆ ಬಾಗಿದ ತುಂಡು ಮಾತ್ರವೆಂದು ಸಾಮಾನ್ಯರು ಭಾವಿಸುತ್ತಾರೆ. ಅದು ಒಂದು ಸರಪಳಿಯ ಮೊದಲ ಕೊಂಡಿ. ಕುದುರೆಯುಳ್ಳ ಪಿಸ್ತೂಲಿನಲ್ಲಿ, ಹಿಂದಕ್ಕೆ ಎಳೆದು ನಿಲ್ಲಿಸಿದ ಕುದುರೆಯು ಬಲವಾದ ಸ್ಪ್ರಿಂಗಿನ ಒತ್ತಡದಲ್ಲಿ ಮುಂದಕ್ಕೆ ಧಾವಿಸಲು ಕಾದಿರುತ್ತದೆ. ಅದರ ಮೈಮೇಲೆ ಒಂದು ಸಣ್ಣ ಕಚ್ಚು. ಆ ಕಚ್ಚಿಗೆ ಇನ್ನೊಂದು ಉಕ್ಕಿನ ತುಂಡಿನ ತುದಿ ಸಿಕ್ಕಿಕೊಂಡು ಕುದುರೆಯನ್ನು ಹಿಡಿದಿರುತ್ತದೆ. ಬಂದೂಕಿನ ಕೆಲಸಗಾರರು ಈ ತುಂಡನ್ನು ಸಿಯರ್ ಎನ್ನುತ್ತಾರೆ. ಬೆರಳು ಟ್ರಿಗರನ್ನು ಎಳೆದಾಗ ಸಿಯರು ಕಚ್ಚಿನಿಂದ ಜಾರುತ್ತದೆ, ಕುದುರೆ ಬೀಳುತ್ತದೆ, ಮೊಳೆಯು ತೋಟೆಯ ಬೆನ್ನಿಗೆ ಬಡಿಯುತ್ತದೆ. ಸಿಯರಿಗೂ ಕಚ್ಚಿಗೂ ಇರುವ ಹಿಡಿತವು ಒಂದು ಮಿಲಿಮೀಟರಿನ ಅಲ್ಪಾಂಶ ಮಾತ್ರ. ತುಂಬಿದ ಪಿಸ್ತೂಲನ್ನು ಹಿಡಿದವನ ಮನೆಮಂದಿಯ ಪ್ರಾಣವೆಲ್ಲ ಆ ಅಲ್ಪಾಂಶದ ಮೇಲೆ ನಿಂತಿರುತ್ತದೆ.

ಟ್ರಿಗರನ್ನು ಹಗುರ ಮಾಡುವುದೆಂದರೆ ಪ್ರಾಯಶಃ ಈ ಹಿಡಿತವನ್ನು ಕಡಮೆ ಮಾಡುವುದು, ಇಲ್ಲವೆ ಹಿಡಿದಿಡುವ ಸ್ಪ್ರಿಂಗನ್ನು ದುರ್ಬಲಗೊಳಿಸುವುದು, ಅನೇಕ ವೇಳೆ ಎರಡೂ. ಈ ಉಕ್ಕಿನ ತುಂಡುಗಳನ್ನು ಕಾರ್ಖಾನೆಯಲ್ಲಿ ಕಾಯಿಸಿ ಹದಗೊಳಿಸಿರುತ್ತಾರೆ. ಹಲವು ತುಂಡುಗಳಲ್ಲಿ ಗಟ್ಟಿತನವು ಮೇಲಿನ ತೆಳುವಾದ ಪದರಕ್ಕೆ ಮಾತ್ರ ಸೀಮಿತ. ಅರದಿಂದಲೋ ಸಾಣೆಕಲ್ಲಿನಿಂದಲೋ ಆ ಪದರವನ್ನು ಉಜ್ಜಿ ತೆಗೆದರೆ ಒಳಗಿನ ಮೆತ್ತನೆಯ ಲೋಹ ಹೊರಬೀಳುತ್ತದೆ. ಮೊದಲ ದಿನ ಎಲ್ಲವೂ ಸೊಗಸಾಗಿಯೇ ಇರುತ್ತದೆ. ಟ್ರಿಗರು ಬೆಣ್ಣೆಯಂತೆ ಜಾರುತ್ತದೆ, ಗೆಳೆಯನು ಬೆನ್ನು ತಟ್ಟಿಸಿಕೊಳ್ಳುತ್ತಾನೆ. ನೂರಿನ್ನೂರು ತೋಟೆಗಳನ್ನು ಹಾರಿಸಿದ ಮೇಲೆ ತುದಿ ಸವೆದು ದುಂಡಗಾಗಿ, ಬೆರಳು ಮುಟ್ಟದೆಯೇ ಕುದುರೆ ಜಾರುವ ದಿನ ಬರಬಹುದು. ಅದು ಯಾವ ದಿನವೆಂದು ಹೊರಗಿನಿಂದ ನೋಡಿದವನಿಗೆ ತಿಳಿಯದು.

ಇನ್ನೊಂದು ಅಪಾಯವೂ ಇದೆ. ಸ್ವಯಂ ತುಂಬಿಕೊಳ್ಳುವ ಪಿಸ್ತೂಲಿನಲ್ಲಿ ಒಂದು ಗುಂಡು ಹಾರಿದೊಡನೆ ಮೇಲಿನ ಸ್ಲೈಡು ಹಿಂದಕ್ಕೆ ಹೋಗಿ, ಇನ್ನೊಂದು ತೋಟೆಯನ್ನು ಎತ್ತಿಕೊಂಡು ರಭಸದಿಂದ ಮುಂದಕ್ಕೆ ಬಡಿಯುತ್ತದೆ. ಆ ಬಡಿತಕ್ಕೆ ಹಿಡಿತ ತಪ್ಪಬಾರದು. ಒಂದು ಎಳೆತಕ್ಕೆ ಒಂದೇ ಗುಂಡು ಹಾರಬೇಕೆಂದು ನೋಡಿಕೊಳ್ಳುವ ಪ್ರತ್ಯೇಕವಾದ ತುಂಡೊಂದು ಒಳಗಿರುತ್ತದೆ. ಸಿಯರಿನ ಸ್ಪ್ರಿಂಗನ್ನೋ ಈ ತುಂಡನ್ನೋ ಬದಲಾಯಿಸಿದಾಗ, ಒಮ್ಮೆ ಎಳೆದರೆ ಎರಡು ಮೂರು ಗುಂಡುಗಳು ಒಂದರ ಬೆನ್ನಿಗೊಂದು ಹಾರುವುದುಂಟು. ಮೊದಲನೆಯದು ಗುರಿಯ ಕಡೆಗೆ ಹೋದರೆ, ಕೈ ಮೇಲಕ್ಕೆ ಹಾರಿರುವ ಕಾರಣ ಎರಡನೆಯದು ಎಲ್ಲಿಗೆ ಹೋಗುವುದೆಂದು ಹೇಳುವಂತಿಲ್ಲ. ಇದಕ್ಕೆ ವಿರುದ್ಧವಾದ ಕಷ್ಟವೂ ಇದೆ. ಕುದುರೆಯ ಸ್ಪ್ರಿಂಗನ್ನು ಮೆತ್ತಗೆ ಮಾಡಿದರೆ ಬಡಿತ ಸಾಲದೆ ತೋಟೆ ಸಿಡಿಯುವುದೇ ಇಲ್ಲ. ಆತ್ಮರಕ್ಷಣೆಗೆಂದು ಇಟ್ಟುಕೊಂಡ ಆಯುಧವು ಆಪತ್ಕಾಲದಲ್ಲಿ ಬರಿಯ ಟಿಕ್ಕೆಂದು ಸುಮ್ಮನಾದರೆ ಅದನ್ನು ಇಟ್ಟುಕೊಂಡು ಫಲವೇನು?

ಎಸ್.ಎಸ್.ಎಲ್.ಸಿ.ಗೆ ಓದನ್ನು ನಿಲ್ಲಿಸಿದ ನಮಗೆ ಲೋಹಶಾಸ್ತ್ರದ ಪಾಂಡಿತ್ಯವಿಲ್ಲ. ಆದರೆ ಪತ್ರಿಕೆಯ ಮೇಜಿಗೆ ಬರುವ ಮುನ್ನ ಅಡಿಗೆಮನೆಯ ಒಲೆಗಳ ಮುಂದೆ ಬಹಳ ವರ್ಷ ಕಳೆದವರು ನಾವು. ಪ್ರೆಷರ್ ಕುಕ್ಕರಿನ ಮುಚ್ಚಳದ ಮೇಲಿರುವ ಸೇಫ್ಟಿ ವಾಲ್ವನ್ನು ವಾಚಕ ಸೋದರಿಯರೆಲ್ಲರೂ ಬಲ್ಲರು. ಒಳಗಿನ ನೀರು ಬತ್ತಿಯೋ ಹಬೆಯ ದಾರಿ ಕಟ್ಟಿಯೋ ಶಾಖ ಮಿತಿಮೀರಿದಾಗ, ಅದರಲ್ಲಿನ ಮೆತ್ತನೆಯ ಲೋಹ ಕರಗಿ ಹಬೆ ಹೊರಟುಹೋಗುತ್ತದೆ. ಪದೇ ಪದೇ ಹೋಗುತ್ತದೆಂಬ ಬೇಸರದಿಂದ ಪ್ಯಾರೀಸಿನ ಓಣಿಗಳಲ್ಲಿ ಸಿಕ್ಕುವ ಯಾವುದೋ ವಾಲ್ವನ್ನು ತಂದು ಕೂರಿಸುವವರನ್ನೂ, ಆ ತೂತಿಗೆ ಬೋಲ್ಟನ್ನೇ ತಿರುಗಿಸಿ ಬಿಗಿಯುವ ಭಟ್ಟರನ್ನೂ ನಾವು ಕಂಡಿದ್ದೇವೆ. ಕುಕ್ಕರು ಆಮೇಲೂ ಅನ್ನ ಬೇಯಿಸುತ್ತದೆ. ಮೊದಲಿಗಿಂತ ಬೇಗನೆ ಬೇಯಿಸುತ್ತದೆಂದು ಹೇಳುವ ಭೂಪರೂ ಉಂಟು. ಅದು ಕುಕ್ಕರೋ ಬಾಂಬೋ ಎಂಬುದು ಸೀಟಿಯ ದಾರಿ ಕಟ್ಟಿದ ದಿನವೇ ಗೊತ್ತಾಗುವುದು. ಟ್ರಿಗರಿನ ಬಿಗಿಯೂ ಆ ವಾಲ್ವಿನ ಜಾತಿಗೆ ಸೇರಿದ್ದು. ತೊಂದರೆ ಕೊಡುವಂತೆ ಕಾಣುತ್ತದೆ, ಆದರೆ ತೊಂದರೆಯನ್ನು ತಡೆಯುವುದಕ್ಕಾಗಿಯೇ ಅದನ್ನು ಇಟ್ಟಿರುವುದು.

ಸ್ಪರ್ಧಾಳುಗಳು ಹಗುರವಾದ ಟ್ರಿಗರನ್ನೇ ಬಳಸುವುದಿಲ್ಲವೇ ಎಂದು ವಾದಿಸುವವರು ಸ್ಪರ್ಧೆಯ ನಿಯಮಗಳನ್ನು ಸರಿಯಾಗಿ ಓದಿಕೊಂಡಂತೆ ಕಾಣದು. ಅಂತರರಾಷ್ಟ್ರೀಯ ಶೂಟಿಂಗ್ ಸಂಸ್ಥೆಯ ನಿಯಮದಂತೆ 10 ಮೀಟರ್ ಏರ್ ಪಿಸ್ತೂಲಿನ ಟ್ರಿಗರು 500 ಗ್ರಾಂಗಿಂತ ಹಗುರವಾಗಿರಕೂಡದು, 25 ಮೀಟರಿನ ಪಿಸ್ತೂಲುಗಳಲ್ಲಿ 1000 ಗ್ರಾಂಗಿಂತ ಹಗುರವಾಗಿರಕೂಡದು. ನಳಿಗೆಯನ್ನು ನೆಟ್ಟಗೆ ಮೇಲಕ್ಕೆ ಹಿಡಿದು, ಟ್ರಿಗರಿಗೆ ತೂಕದ ಬಟ್ಟನ್ನು ತಗಲಿಸಿ, ಎತ್ತಿ ಪರೀಕ್ಷಿಸಿದ ಮೇಲೆಯೇ ಸ್ಪರ್ಧಿಯನ್ನು ಒಳಕ್ಕೆ ಬಿಡುತ್ತಾರೆ. ಮಿತಿಯೇ ಇಲ್ಲದ ಸ್ಪರ್ಧೆಯೊಂದೂ ಉಂಟು, ಬೆಂಗಳೂರಿನ ಪ್ರಕಾಶ್ ನಂಜಪ್ಪನವರು 2016ರ ರಿಯೋ ಒಲಿಂಪಿಕ್ಸಿನಲ್ಲಿ ಭಾಗವಹಿಸಿದ 50 ಮೀಟರ್ ಪಿಸ್ತೂಲು. ಅಲ್ಲಿ ಒಂದು ಸಲಕ್ಕೆ ಒಂದೇ ತೋಟೆ. ಅದನ್ನೂ ಗುರಿಯ ಕಡೆಗೆ ಮುಖಮಾಡಿ ನಿಂತ ಮೇಲೆ, ತೀರ್ಪುಗಾರರ ಕಣ್ಣೆದುರಿಗೆ ತುಂಬಬೇಕು. ಸೊಂಟದಲ್ಲಿ ಸಿಕ್ಕಿಸಿಕೊಂಡು ಬಸ್ಸು ಹತ್ತುವ ಪಿಸ್ತೂಲಿಗೂ ಇದಕ್ಕೂ ಎಲ್ಲಿಯ ಹೋಲಿಕೆ?

ಸಾಮಾನ್ಯ ಬಳಕೆಯ ಪಿಸ್ತೂಲುಗಳಲ್ಲಿ ತಯಾರಕರು ಇಡುವ ಬಿಗಿಯು ಇದಕ್ಕಿಂತ ಬಹಳ ಹೆಚ್ಚು. ಪ್ರಸಿದ್ಧವಾದ ಗ್ಲಾಕ್ ಪಿಸ್ತೂಲಿನದು ಸುಮಾರು ಎರಡೂವರೆ ಕಿಲೋ. ನ್ಯೂಯಾರ್ಕ್ ನಗರದ ಪೊಲೀಸರು ತಮ್ಮ ಪಿಸ್ತೂಲುಗಳಿಗೆ ದಶಕಗಳ ಕಾಲ 12 ಪೌಂಡಿನ, ಅಂದರೆ ಐದು ಕಿಲೋವಿಗೂ ಮೀರಿದ ಬಿಗಿಯನ್ನು ಇಟ್ಟುಕೊಂಡಿದ್ದರು. ಕಾರಣ ಸ್ಪಷ್ಟವಾಗಿದೆ. ಭಯಗೊಂಡವನ ಮುಷ್ಟಿ ಅವನಿಗರಿವಿಲ್ಲದೆ ಬಿಗಿಯುತ್ತದೆ. ಎಡವಿ ಬೀಳುವವನ ಎರಡು ಕೈಗಳೂ ಒಟ್ಟಿಗೆ ಮುದುಡುತ್ತವೆ. ಎಡಗೈಯಿಂದ ಕಳ್ಳನ ಕಾಲರನ್ನು ಹಿಡಿದೆಳೆದರೆ ಬಲಗೈಯ ಬೆರಳೂ ಅದರ ಜೊತೆಗೆ ಮಡಿಯುತ್ತದೆ. ಬೆರಳು ಅಷ್ಟು ದೂರ, ಅಷ್ಟು ಭಾರವನ್ನು ಎಳೆಯಬೇಕಾಗಿದ್ದರೆ ಬುದ್ಧಿಗೆ ಅರೆಕ್ಷಣದ ಅವಕಾಶ ದೊರೆಯುತ್ತದೆ. ಆ ಅರೆಕ್ಷಣವನ್ನು ಹಣ ಕೊಟ್ಟು ಕಳೆದುಕೊಳ್ಳಲು ನಮ್ಮ ವಾಚಕರ ತಮ್ಮನು ಹೊರಟಿದ್ದಾನೆ.

ಎದುರು ಪಕ್ಷದ ಮಾತಿನಲ್ಲಿಯೂ ಹುರುಳಿದೆಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಬಿಗಿಯು ಅತಿಯಾದರೆ ಗುರಿ ಕೆಡುತ್ತದೆ. 2012ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ಮುಂದೆ ಕೊಲೆಗಾರನೊಬ್ಬನ ಮೇಲೆ ಪೊಲೀಸರಿಬ್ಬರು 16 ಗುಂಡುಗಳನ್ನು ಹಾರಿಸಿದಾಗ ದಾರಿಹೋಕರು ಒಂಬತ್ತು ಮಂದಿ ಗಾಯಗೊಂಡರು. ಆ ಭಾರವಾದ ಟ್ರಿಗರೂ ಇದಕ್ಕೊಂದು ಕಾರಣವೆಂದು ಅಲ್ಲಿ ಬಹಳ ಚರ್ಚೆ ನಡೆಯಿತು. ಮುಂದೆ ಆ ಇಲಾಖೆಯೇ ಹೊಸಬರಿಗೆ ಹಗುರವಾದ ಟ್ರಿಗರಿಗೆ ಅನುಮತಿ ಕೊಟ್ಟಿತು. ಆದರೆ ಅದನ್ನು ನಿರ್ಧರಿಸಿದ್ದು ಇಲಾಖೆ, ಒದಗಿಸಿದ್ದು ಕಾರ್ಖಾನೆ. ಪೊಲೀಸನು ತನ್ನ ಗೆಳೆಯನ ಲೇಥಿಗೆ ಒಯ್ದು ಕೊರೆಸಲಿಲ್ಲ.

ಕಾರ್ಖಾನೆಗಳೇ ಈ ಕೆಲಸದಲ್ಲಿ ಎಡವಿದ ನಿದರ್ಶನಗಳನ್ನು ನೋಡಿದರೆ ನಮಗೆ ಇನ್ನೂ ಭಯವಾಗುತ್ತದೆ. ರೆಮಿಂಗ್ಟನ್ ಎಂಬ ಹಳೆಯ ಅಮೆರಿಕನ್ ಕಂಪೆನಿಯು 2014ರ ಏಪ್ರಿಲಿನಲ್ಲಿ ತಾನು 2006ರಿಂದ ಮಾರಿದ್ದ ಎರಡು ಮಾದರಿಯ ರೈಫಲುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಟ್ರಿಗರಿನ ಜೋಡಣೆಯಲ್ಲಿ ಅಂಟು ಸ್ವಲ್ಪ ಹೆಚ್ಚಾಗಿ ಬಿದ್ದಿದ್ದುದರಿಂದ ಗುಂಡು ತಾನಾಗಿ ಹಾರುವ ಸಂಭವವಿದೆಯೆಂಬುದು ಅದು ಕೊಟ್ಟ ಕಾರಣ. ಕಾರಣ ಒಂದಿಷ್ಟು ಅಂಟು! 2017ರಲ್ಲಿ ಸಿಗ್ ಸಾವರ್ ಕಂಪೆನಿಯ ಪಿ-320 ಪಿಸ್ತೂಲು ಒಂದು ನಿರ್ದಿಷ್ಟ ಕೋನದಲ್ಲಿ ನೆಲಕ್ಕೆ ಬಿದ್ದಾಗ ಬೆರಳಿಲ್ಲದೆ ಹಾರುವುದೆಂದು ಬೆಳಕಿಗೆ ಬಂತು. ಟ್ರಿಗರಿನ ತುಂಡೇ ತೂಕವಾಗಿದ್ದ ಕಾರಣ, ಪಿಸ್ತೂಲು ನೆಲಕ್ಕೆ ಬಡಿದು ನಿಂತರೂ ಟ್ರಿಗರು ನಿಲ್ಲದೆ ತನ್ನ ಭಾರದಿಂದಲೇ ಹಿಂದಕ್ಕೆ ಚಲಿಸುತ್ತಿತ್ತು. ಕಂಪೆನಿಯು ಹಗುರವಾದ ಟ್ರಿಗರನ್ನೂ ಬೇರೆ ಕೆಲವು ಭಾಗಗಳನ್ನೂ ಹಾಕಿಕೊಡುವ ಏರ್ಪಾಡು ಮಾಡಿತು. ನೂರಾರು ಎಂಜಿನಿಯರುಗಳ ಕಣ್ಣಿಗೆ ತಪ್ಪಿದ್ದು ಆ ತುಂಡಿನ ಕೆಲವು ಗ್ರಾಂ ತೂಕ. ಹೀಗಿರುವಾಗ, ನೋಡಲು ಅಂದವೆಂದು ಯಾರೋ ಮಾರುವ ಬೇರೆ ಅಳತೆಯ, ಬೇರೆ ತೂಕದ ಟ್ರಿಗರನ್ನು ಕೂರಿಸಿದವನು ಅದನ್ನು ಎಷ್ಟು ಕೋನಗಳಲ್ಲಿ ಕೆಳಕ್ಕೆ ಬೀಳಿಸಿ ಪರೀಕ್ಷಿಸಿದ್ದಾನು?

ಕೆಳಗೆ ಬಿದ್ದ ಪಿಸ್ತೂಲಿನ ವಿಷಯ ಊಹೆಯಲ್ಲ. 2024ರ ಅಕ್ಟೋಬರ್ 1ರಂದು ಮುಂಬಯಿಯಲ್ಲಿ ಚಿತ್ರನಟ ಗೋವಿಂದರ ಪರವಾನಗಿಯುಳ್ಳ ರಿವಾಲ್ವರು ಕೈತಪ್ಪಿ ಬಿದ್ದು ಗುಂಡು ಹಾರಿ, ಅವರ ಕಾಲಿಗೇ ತಗಲಿದ ಸುದ್ದಿಯನ್ನು ವಾಚಕರು ಮರೆತಿರಲಾರರು. ಅದರಲ್ಲಿ ಯಾವ ಭಾಗವನ್ನಾದರೂ ಬದಲಿಸಿದ್ದರೆಂದು ನಾವು ಹೇಳುತ್ತಿಲ್ಲ. ಬಿದ್ದಾಗ ಹಾರದಂತೆ ಮೊಳೆಯನ್ನು ತಡೆದು ಹಿಡಿಯುವ ಏರ್ಪಾಡು ಎಷ್ಟು ಮುಖ್ಯವೆಂದಷ್ಟೇ ನಮ್ಮ ಮಾತು. ಕೋಲ್ಟ್ ಕಂಪೆನಿಯು 1983ರಲ್ಲಿ ತನ್ನ ಹೆಸರಾಂತ ಪಿಸ್ತೂಲಿಗೆ ಇಂಥ ತಡೆಯನ್ನು ಸೇರಿಸಿತು, ಟ್ರಿಗರನ್ನು ಪೂರ್ತಿ ಎಳೆದ ಹೊರತು ಮೊಳೆ ಚಲಿಸದು. ಎಳೆತ ನುಣುಪಾಗಲೆಂದು ಆ ತಡೆಯನ್ನೇ ಕಿತ್ತುಹಾಕುವ ಶೋಕಿಯೂ ಅಲ್ಲಿ ಬೆಳೆದಿದೆಯಂತೆ. ಅಮೆರಿಕದಿಂದ ನಾವು ಕಲಿಯಬೇಕಾದ ವಿದ್ಯೆಗಳು ಬೇಕಾದಷ್ಟಿರುವಾಗ ಇದನ್ನೇ ಆರಿಸಿಕೊಳ್ಳುವುದೇಕೋ!

ನಮ್ಮ ದೇಶದ ಪರಿಸ್ಥಿತಿಯಲ್ಲಿ ಇನ್ನೊಂದು ತೊಡಕೂ ಸೇರಿಕೊಂಡಿದೆ. ಸಾಮಾನ್ಯ ಪ್ರಜೆಯು ವಿದೇಶದಿಂದ ಬಂದೂಕನ್ನು ತರಿಸಿಕೊಳ್ಳುವುದಕ್ಕೆ 1980ರ ದಶಕದಿಂದಲೂ ಕಠಿಣವಾದ ನಿರ್ಬಂಧವಿದೆ. ಆದಕಾರಣ ಅಜ್ಜನ ಕಾಲದ ಇಂಗ್ಲಿಷ್ ಪಿಸ್ತೂಲುಗಳೂ ಜರ್ಮನ್ ಪಿಸ್ತೂಲುಗಳೂ ಕೈಯಿಂದ ಕೈಗೆ ಬದಲಾಗುತ್ತ ಇಂದಿಗೂ ಚಲಾವಣೆಯಲ್ಲಿವೆ. ಅವುಗಳ ಸ್ಪ್ರಿಂಗುಗಳು ಸೋತಿವೆ, ಕಚ್ಚುಗಳು ಸವೆದಿವೆ. ಕಂಪೆನಿಯ ಬಿಡಿಭಾಗ ಸಿಕ್ಕದೆ, ಮಿಸ್ತ್ರಿಯು ಸೈಕಲ್ ಅಂಗಡಿಯ ತಂತಿಯನ್ನು ಸುತ್ತಿ ಸ್ಪ್ರಿಂಗು ಮಾಡುತ್ತಾನೆ, ಮುರಿದ ಅರವನ್ನು ಕೊರೆದು ಸಿಯರು ಮಾಡುತ್ತಾನೆ. ಅವನ ಕೈಚಳಕಕ್ಕೆ ನಾವು ತಲೆದೂಗುತ್ತೇವೆ. ಕೇಪಿನ ಕೋವಿಗೆ ಅದು ಸಾಕಾಗುತ್ತಿತ್ತೇನೋ. ಒಂದು ಗುಂಡಿನ ಬೆನ್ನಿಗೆ ಇನ್ನೊಂದು ತಾನಾಗಿ ತುಂಬಿಕೊಳ್ಳುವ ಯಂತ್ರಕ್ಕೆ ಅದು ಸಾಲದು. ಹಳೆಯ ಪಿಸ್ತೂಲಿನ ಟ್ರಿಗರು ತಾನಾಗಿಯೇ ಹಗುರವಾಗುತ್ತ ಬಂದಿದ್ದರೆ ಅದನ್ನು ಅದೃಷ್ಟವೆಂದು ಎಣಿಸದೆ ರೋಗದ ಲಕ್ಷಣವೆಂದು ತಿಳಿಯತಕ್ಕದ್ದು.

ಇನ್ನು ಕಾಯಿದೆಯ ಮಾತು. "ನನ್ನ ಪಿಸ್ತೂಲು, ನನ್ನ ಇಷ್ಟ" ಎಂಬ ವಾದ ನ್ಯಾಯಸ್ಥಾನದಲ್ಲಿ ನಿಲ್ಲದು. 1959ರ ಆಯುಧ ಕಾಯಿದೆಯ 2ನೆಯ ಕಲಮಿನ ವ್ಯಾಖ್ಯೆಯಲ್ಲಿ ಆಯುಧವೆಂದರೆ ಆಯುಧದ ಭಾಗಗಳೂ ಸೇರಿವೆ. ಆದ್ದರಿಂದ ವಿದೇಶದಿಂದ ಅಂಚೆಯಲ್ಲಿ ಬರುವ ಪೊಟ್ಟಣವು ಬರಿಯ ಸ್ಪ್ರಿಂಗೆಂದು ಹೇಳಿ ಪಾರಾಗುವುದು ಸುಲಭವಲ್ಲ. 5ನೆಯ ಕಲಮಿನಂತೆ ಬಂದೂಕನ್ನು ಮಾರ್ಪಡಿಸುವುದಕ್ಕೂ ದುರಸ್ತಿ ಮಾಡುವುದಕ್ಕೂ ಪ್ರತ್ಯೇಕವಾದ ಪರವಾನಗಿ ಬೇಕು. ಇಟ್ಟುಕೊಳ್ಳಲು ಕೊಟ್ಟ ಪರವಾನಗಿ ಬಿಚ್ಚಿ ಕೊರೆಯಲು ಕೊಟ್ಟ ಪರವಾನಗಿಯಲ್ಲ. 2019ರ ತಿದ್ದುಪಡಿಯಾದ ಮೇಲೆ ಈ ಕಲಮನ್ನು ಮೀರಿದವನಿಗೆ ಕನಿಷ್ಠ ಏಳು ವರ್ಷಗಳಿಂದ ಹಿಡಿದು ಜೀವಾವಧಿಯವರೆಗೆ ಸೆರೆವಾಸ ಉಂಟು. ಲೇಥಿನ ಗೆಳೆಯನು ಮಾತು ಕೊಡುವ ಮುನ್ನ ಇದನ್ನು ಓದಿಕೊಂಡಿರಲಾರನು.

ಇದಕ್ಕಿಂತ ಸೂಕ್ಷ್ಮವಾದ ವಿಷಯ ಮತ್ತೊಂದಿದೆ. ಟ್ರಿಗರನ್ನು ಒತ್ತಿ ಹಿಡಿದಿರುವಷ್ಟು ಕಾಲ ಗುಂಡುಗಳು ಒಂದಾದ ಮೇಲೊಂದು ಹಾರುವಂತೆ ರಚಿಸಿದ ಅಥವಾ ಮಾರ್ಪಡಿಸಿದ ಬಂದೂಕನ್ನು ಕಾಯಿದೆಯು ನಿಷಿದ್ಧ ಆಯುಧವೆಂದು ಕರೆಯುತ್ತದೆ. ಅದನ್ನು ಪರವಾನಗಿ ಇಲ್ಲದೆ ಹೊಂದಿದವನಿಗೆ ಏಳರಿಂದ ಹದಿನಾಲ್ಕು ವರ್ಷಗಳ ಸೆರೆ. ಒಂದು ಎಳೆತಕ್ಕೆ ಮೂರು ಗುಂಡು ಹಾರುವ ಪಿಸ್ತೂಲನ್ನು ಪೊಲೀಸರು ವಶಪಡಿಸಿಕೊಂಡು ಮೈಲಾಪುರದ ಫೋರೆನ್ಸಿಕ್ ಇಲಾಖೆಗೆ ಕಳುಹಿಸಿದರೆ, ಅಲ್ಲಿನ ತಜ್ಞರು ಬಿಚ್ಚಿ ನೋಡುವುದು ಸಿಯರನ್ನೂ ಸ್ಪ್ರಿಂಗನ್ನೂ. ಅರದ ಗೀರುಗಳು ಅಲ್ಲಿ ಹಾಗೆಯೇ ಇರುತ್ತವೆ. ತಿಳಿಯದೆ ಆಯಿತೆಂದು ಎಷ್ಟು ಹೇಳಿದರೂ ಆ ಗೀರುಗಳು ಅಳಿಸಿಹೋಗವು. ಯಾರಿಗೂ ಗಾಯವಾಗದಿದ್ದರೂ ಅಜಾಗರೂಕತೆಯಿಂದ ಬಂದೂಕು ಬಳಸಿ ಇತರರ ಕ್ಷೇಮಕ್ಕೆ ಅಪಾಯ ತಂದುದಕ್ಕಾಗಿ ಎರಡು ವರ್ಷಗಳವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಜೀವವೇ ಹೋದರೆ 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಂತೆ ಐದು ವರ್ಷಗಳವರೆಗೆ ಶಿಕ್ಷೆ.

ಗುಂಡು ಎಲ್ಲಿಯವರೆಗೆ ಹೋಗುತ್ತದೆಂಬ ಕಲ್ಪನೆ ಪಟ್ಟಣವಾಸಿಗಳಾದ ನಮಗೆ ಕಡಮೆ. 2021ರ ಡಿಸೆಂಬರ್ 30ರಂದು ಇದೇ ತಮಿಳುನಾಡಿನ ಪುದುಕ್ಕೋಟೆ ಜಿಲ್ಲೆಯ ನಾರ್ತಾಮಲೈಯಲ್ಲಿ, ಪಡೆಯವರ ಗುಂಡಿನ ಅಭ್ಯಾಸದ ಮೈದಾನದ ಕಡೆಯಿಂದ ಹಾರಿಬಂದ ಗುಂಡೊಂದು ಅಜ್ಜನ ಮನೆಯಲ್ಲಿದ್ದ 11 ವರ್ಷದ ಬಾಲಕನ ತಲೆಗೆ ತಗಲಿತು. ನಾಲ್ಕು ದಿನಗಳ ತರುವಾಯ ಅವನು ತೀರಿಕೊಂಡನು. ಅದು ಬೆಟ್ಟದ ಮರೆಯುಳ್ಳ, ಅಧಿಕಾರಿಗಳ ಮೇಲ್ವಿಚಾರಣೆಯುಳ್ಳ ಮೈದಾನ. ತಿರುವಲ್ಲಿಕ್ಕೇಣಿಯ ಒತ್ತೊತ್ತಾದ ಮನೆಗಳಲ್ಲಿ, ಟಿ. ನಗರದ ಅಪಾರ್ಟ್‌ಮೆಂಟುಗಳಲ್ಲಿ, ಪಕ್ಕದ ಕೋಣೆಗೂ ನಮಗೂ ನಡುವೆ ಒಂದು ಇಟ್ಟಿಗೆಯ ಗೋಡೆ, ಕೆಲವೊಮ್ಮೆ ಒಂದು ಹಲಗೆಯ ಬಾಗಿಲು. ಕೈಜಾರಿದ ಗುಂಡಿಗೆ ಇಲ್ಲಿ ಖಾಲಿ ಜಾಗವೆಂಬುದೇ ಇಲ್ಲ.

ಕೊಡಗಿನ ಬಂಧುಗಳಿಗೆ ಒಂದು ಮಾತನ್ನು ಪ್ರತ್ಯೇಕವಾಗಿ ಅರಿಕೆ ಮಾಡಬೇಕಾಗಿದೆ. 1861ರಲ್ಲಿ ಮಾರ್ಕ್ ಕಬ್ಬನ್ನರ ಕಾಲದಲ್ಲಿ ದೊರೆತ ಆಯುಧದ ವಿನಾಯಿತಿಯು ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇಂದಿಗೂ ನಡೆದು ಬಂದಿದೆ. ಕೇಂದ್ರ ಸರಕಾರವು 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟು 2021ರಲ್ಲಿ ತಳ್ಳಿಹಾಕಿತು. ಆದರೆ ಇದು ಕೋವಿಯನ್ನು ಹೊಂದಿರುವ ಬಗ್ಗೆ ದೊರೆತ ರಿಯಾಯಿತಿಯೇ ಹೊರತು ಅದರ ಅಂಗಾಂಗಗಳನ್ನು ಮಾರ್ಪಡಿಸಲು ಕೊಟ್ಟ ಅಪ್ಪಣೆಯಲ್ಲ. 2029ರಲ್ಲಿ ಪುನಃ ಪರಿಶೀಲನೆಗೆ ಬಂದಾಗ, ಕೊಡಗಿನ ಮನೆಗಳಲ್ಲಿ ಕೋವಿ ಎಷ್ಟು ಭದ್ರವಾಗಿದೆಯೆಂಬುದನ್ನು ದೆಹಲಿಯವರು ನೋಡದೆ ಇರುವರೆಂದು ನಾವು ನಂಬುವುದಿಲ್ಲ. ಊರಿನಿಂದ ದೂರ ಚೆನ್ನೈಯಲ್ಲಿ ನಡೆಯುವ ಒಂದು ಅವಘಡವನ್ನೂ ಅಲ್ಲಿನ ಹಿರಿಯರ ಲೆಕ್ಕಕ್ಕೇ ಬರೆಯುವ ಜನ ಇದ್ದಾರೆ.

ಹಾಗಾದರೆ ಬಿಗಿಯಾದ ಟ್ರಿಗರಿಗೆ ಪರಿಹಾರವೇ ಇಲ್ಲವೆ? ಇದೆ. ಮೊದಲನೆಯದು ಅಭ್ಯಾಸ. ಆಯುಧ ಪರವಾನಗಿಗೆ 2016ರ ನಿಯಮಾವಳಿಯು ತರಬೇತಿಯನ್ನು ಅಗತ್ಯ ಮಾಡಿರುವುದು ಪ್ರಮಾಣಪತ್ರದ ಕಾಗದಕ್ಕಾಗಿ ಅಲ್ಲ. ಶೂಟಿಂಗ್ ಕ್ಲಬ್ಬಿಗೆ ಸೇರಿ, ಬಲ್ಲವರ ಎದುರಿನಲ್ಲಿ ಕೆಲವು ತಿಂಗಳು ಬೆರಳನ್ನು ಪಳಗಿಸಿದರೆ ಎರಡೂವರೆ ಕಿಲೋವಿನ ಬಿಗಿ ಬಿಗಿಯೆಂದೇ ತೋರದು. ಟ್ರಿಗರು ನಿಜವಾಗಿಯೂ ಕೆಟ್ಟಿದ್ದರೆ, ದುರಸ್ತಿಯ ಪರವಾನಗಿಯುಳ್ಳ ಬಂದೂಕು ವ್ಯಾಪಾರಿಯಲ್ಲಿಗೆ ಒಯ್ಯಬೇಕು. ಸರಕಾರದ ಕಾರ್ಖಾನೆಯಲ್ಲಿ ತಯಾರಾದ ಪಿಸ್ತೂಲಾಗಿದ್ದರೆ ಆ ಕಾರ್ಖಾನೆಗೇ ಬರೆಯಬೇಕು. ದುರಸ್ತಿಯಾಗಿ ಬಂದ ಪಿಸ್ತೂಲನ್ನು ಮೊದಲು ತೋಟೆಯಿಲ್ಲದೆ, ಆಮೇಲೆ ಮೈದಾನದಲ್ಲಿ ಒಂದೊಂದೇ ತೋಟೆ ತುಂಬಿ ಪರೀಕ್ಷಿಸಿಕೊಡುವಂತೆ ಅವರನ್ನೇ ಕೇಳಬೇಕು. ಬಿಲ್ಲು ಬರೆಸಿಕೊಳ್ಳಬೇಕು. ಹಿಂದೆ ಯಾರೋ ಕೈಯಾಡಿಸಿದ ಪಿಸ್ತೂಲನ್ನು ಕೊಂಡುಕೊಂಡವರು ಕೂಡಲೇ ತೋಟೆಗಳನ್ನು ತೆಗೆದು ಬೀರುವಿನಲ್ಲಿಟ್ಟು, ವಕೀಲರೊಬ್ಬರ ಸಲಹೆ ಪಡೆದು ಮುಂದುವರಿಯುವುದು ಮೇಲು.

ಸೆಪ್ಟೆಂಬರಿನ ಕೈಲ್ ಪೊಳ್ದಿಗೆ ಚೆನ್ನೈಯಿಂದ ಅನೇಕ ಕುಟುಂಬಗಳು ಊರಿಗೆ ಹೋಗುತ್ತವೆ. ಕೋವಿಯ ನಳಿಗೆಗೆ ತೋಕ್ ಪೂವನ್ನು ಸಿಕ್ಕಿಸಿ ಪೂಜೆಯಾದ ಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. ವರ್ಷವಿಡೀ ಮೂಲೆಯಲ್ಲಿದ್ದ ಕೋವಿ ಅಂದು ಹತ್ತು ಕೈಗಳಿಗೆ ಹೋಗುತ್ತದೆ, ಮಕ್ಕಳು ಸುತ್ತಲೂ ನಿಂತಿರುತ್ತಾರೆ. ಹಬ್ಬಕ್ಕೆ ಹದಿನೈದು ದಿನ ಮುಂಚೆಯೇ ಊರಿನ ಅಣ್ಣತಮ್ಮಂದಿರಿಗೆ ಫೋನು ಮಾಡಿ, ಟ್ರಿಗರಿನ ಹಿಡಿತವನ್ನು ಪರವಾನಗಿಯುಳ್ಳ ಕೆಲಸಗಾರನಿಂದ ಒಮ್ಮೆ ನೋಡಿಸಿಡುವಂತೆ ಹೇಳಬಹುದಲ್ಲವೆ?